ಆಕಾಶದಿಂದ ಇಳಿದವನಿಗೆ ನಡೆಮಡಿ

ಸಾಲಿಗ್ರಾಮ
ಚಿತ್ರಭಾನು ಸಂವತ್ಸರ, ಆಷಾಢ ಮಾಸ, ಸೋಮವಾರ
೨೦ನೇ ಜುಲೈ ೧೯೪೨

ಸೌಭಾಗ್ಯವತಿ ಪುಟ್ಟತಾಯಿಗೆ ನಿನ್ನ ಗಂಡ ವೀರಭದ್ರಸ್ವಾಮಿ ಮಾಡುವ ಅನೇಕ ಆಶೀರ್ವಾದಗಳು.

ಉಭಯ ಕುಶಲೋಪರಿ ಎಂದು ಬರೆಯಹೋದೆ, ಕೈ ತಡೆಯಿತು. ನನ್ನ ಕಡೆಯ ಕುಶಲ ಇಷ್ಟೇ: ಉಣ್ಣುತ್ತಿದ್ದೇನೆ, ಮಲಗುತ್ತಿದ್ದೇನೆ, ಗಂಟಲು ಇನ್ನೂ ಕಂಚಿನ ಗಂಟೆಯಂತಿದೆ. ನಿನ್ನ ಕಡೆಯದನ್ನು ಬೇಗೂರಿನಿಂದ ಬಿದಿರು ಹೇರಿಕೊಂಡು ಬರುವ ಗಾಡಿಯವರ ಬಾಯಿಂದ ತಿಳಿಯಬೇಕು. ಅವರು 'ಅವ್ವಾರು ಚೆಂದಾಗವ್ರೆ' ಎನ್ನುತ್ತಾರೆ. ಆಮೇಲೆ ಎತ್ತುಗಳ ಕಡೆ ತಿರುಗುತ್ತಾರೆ. ಚೆಂದಾಗವ್ರೆ ಎಂದರೆ ಏನು, ನಗುತ್ತಾಳೆಯೇ, ಅನ್ನ ಸೇರುತ್ತದೆಯೇ, ನನ್ನ ಹೆಸರು ಬಂದರೆ ಎದ್ದು ಹೋಗುತ್ತಾಳೆಯೇ ಎಂದು ಕೇಳಲು ಹೋದರೆ ಅವರಿಗೆ ನೊಗದ ಹಗ್ಗದಲ್ಲಿ ತಟ್ಟನೆ ಕೆಲಸ ಹುಟ್ಟುತ್ತದೆ.

ಯುಗಾದಿಗೆ ಬರೆಯಬೇಕಾಗಿದ್ದ ಕಾಗದವನ್ನು ಆಷಾಢದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸು. ಆಷಾಢದಲ್ಲಿ ಹೆಂಡತಿ ತವರಿನಲ್ಲಿರುವುದು ಲೋಕರೂಢಿ. ನಿನ್ನ ಆಷಾಢ ಮಾತ್ರ ಮೂರು ವರ್ಷವಾದರೂ ತೀರಲಿಲ್ಲ. ತಡಮಾಡಿದ್ದಕ್ಕೆ ಕಾರಣವುಂಟು. ಒಂದು ಸುದ್ದಿ ಇತ್ತು. ಅದು ನೂರಕ್ಕೆ ನೂರು ನಿಜವಾಗುವವರೆಗೆ ನಿನಗೆ ಬರೆಯಬಾರದೆಂದು ಹಠ ಹಿಡಿದೆ. ನಾಟಕದ ಡೇರೆಯೊಳಗೆ ಬೆಳೆದವನು ನಾನು. ಪಾತ್ರಧಾರಿ ಬಣ್ಣ ಬಳಿದು ಸಿದ್ಧನಾಗುವ ಮೊದಲು ಗಂಟೆ ಬಾರಿಸಿದವನಿಗೆ ಆ ಹೊತ್ತಿನ ಊಟವಿಲ್ಲವೆಂಬುದು ಕಂಪನಿ ನಡೆಸುತ್ತಿದ್ದ ನಮ್ಮ ಸೋದರಮಾವನ ಕಾನೂನಾಗಿತ್ತು. ಈಗ ಬಾರಿಸುತ್ತೇನೆ, ಕೇಳು.

ಮಿಷನ್ನು ಹೋಯಿತು.

ಹೌದು ಪುಟ್ಟತಾಯಿ. ನಿಮ್ಮ ತಂದೆಯ ಸಮಾಧಿಗೆ ಮಣ್ಣು ಹಾಕಿದ ಕೈಯನ್ನು ತೊಳೆಯದೆಯೇ ನೀನು ನನ್ನತ್ತ ತಿರುಗಿ ಹೇಳಿದ್ದೆಯಲ್ಲ, 'ಆ ಮಿಷನ್ನು ಮನೇಲಿರೋ ಗಂಟ ನಾನು ಆ ಹೊಸಲು ತುಳಿಯಾಕಿಲ್ಲ' ಎಂದು? ಆ ಮಿಷನ್ನು, ನಮ್ಮ ಗಾಡಿ ಕೊಟ್ಟಿಗೆಯಲ್ಲಿ ರೆಕ್ಕೆ ಮಡಚಿಕೊಂಡು ಧೂಳು ತಿನ್ನುತ್ತಿದ್ದ ಜಿಪ್ಸಿ ಮಾತ್ ವಿಮಾನ, ನಮ್ಮ ಮಲ್ಲಾಜಮ್ಮ, ಕಳೆದ ಗುರುವಾರ ಮಿಲಿಟರಿ ಲಾರಿಯ ಮೇಲೆ ಕೂತು ಕೃಷ್ಣರಾಜನಗರದ ದಾರಿ ಹಿಡಿದಳು. ನಮ್ಮ ಹೊಸ್ತಿಲು ಈಗ ಬರಿಯ ಹೊಸ್ತಿಲು. ತುಳಿಯಲು ಅಡ್ಡಿಯಾದದ್ದು ಅದರಾಚೆ ಏನೂ ಉಳಿದಿಲ್ಲ.

ಹೇಗೆ ಹೋಯಿತೆಂದು ಹೇಳದಿದ್ದರೆ ನನಗೂ ಸಮಾಧಾನವಿಲ್ಲ, ನಿನಗೂ ನಂಬಿಕೆ ಬಾರದು. ಯುದ್ಧ ಶುರುವಾದಂದಿನಿಂದ ಖಾಸಗಿಯವರು ಹಾರುವುದು ನಿಂತೇ ಹೋಗಿತ್ತು. ಈಗ ಖಾಸಗಿಯವರ ವಿಮಾನಗಳನ್ನೂ ಸರ್ಕಾರ ಎತ್ತಿಕೊಂಡು ಹೋಗುತ್ತಿದೆ. ಬಂದವರ ಮುಂದಾಳು ಮದರಾಸಿನ ಕಡೆಯ ಆಫೀಸರು, ಎಳೆಯ ಮೀಸೆಯವನು. ಯುದ್ಧಕ್ಕೆ ಮೊದಲು ಅವನೂ ನನ್ನ ಹಾಗೆ ಖಾಸಗಿ ಲೈಸೆನ್ಸು ಇಟ್ಟುಕೊಂಡು ಬರೀ ಖುಷಿಗೆ ಹಾರಿದವನೇ. ಹಾರಿದವರು ಹಾರಿದವರನ್ನು ಕಂಡರೆ ದನದ ಸಂತೆಯಲ್ಲಿ ರೈತರು ಕಲೆತ ಹಾಗೆ. ಸುಳಿ, ಹಲ್ಲು, ಬಾಲ, ನಡಿಗೆ ಎಂದು ಮಾತು ತೆಗೆಯುತ್ತಾರೆ. ಯಾವ ಯಾವ ವಿಮಾನ ಓಡಿಸಿದ್ದೀರಿ, ಯಾವುದರ ಮೇಲೆ ಮನಸ್ಸು ಎಂದು ಕೇಳಿದ. ಬಿಡುತ್ತೇನೆಯೇ? ಕೊಟ್ಟಿಗೆಯೇ ರಂಗಸ್ಥಳವಾಯಿತು.

ಮದರಾಸಿನ ಹಾರಾಟದ ಕ್ಲಬ್ಬಿನಲ್ಲಿ ಕಲಿತದ್ದು ಏವಿಯನ್ ವಿಮಾನದ ಮೇಲೆ ಎಂದೆ. ಅದು ಕೂಲಿಮಠದ ಐಗಳ ಹಾಗೆ. ಒಂದು ತಪ್ಪು ಮಾಡಿದರೆ ಆ ಕ್ಷಣವೇ ಕಿವಿ ಹಿಂಡಿ ಕೆಳಕ್ಕೆ ತರುತ್ತಿತ್ತು. ಒಬ್ಬ ವಕೀಲರ ಪಸ್ ಮಾತ್ ಒಮ್ಮೆ ಓಡಿಸಿದ್ದೆ. ಅದಕ್ಕೆ ಬಾಗಿಲು, ಗಾಜಿನ ಕಿಟಕಿ, ಮೆತ್ತನೆಯ ಪೀಠ. ಮದುವೆಗೆ ಬಾಡಿಗೆಗೆ ತಂದ ಕೋಚುಗಾಡಿ. ಗಾಳಿ ಮುಖಕ್ಕೆ ಬಡಿಯದ ಮೇಲೆ ಮನೆಯಲ್ಲೇ ಕೂತಿರಬಹುದಲ್ಲ? ಆಮೇಲೆ ಇವಳು. ಕೊಡಗಿನ ಕಾಫಿ ತೋಟದ ದೊರೆ ವಿಲಾಯಿತಿಗೆ ಹೊರಡುವಾಗ ಪಿರಿಯಾಪಟ್ಟಣದ ಬಯಲಿನಲ್ಲಿ ಇವಳನ್ನು ನನ್ನ ಕೈಗೊಪ್ಪಿಸಿ ಮುಖ ಆಚೆಗೆ ತಿರುಗಿಸಿಕೊಂಡು ಹೋದ. ಬೆಳಗಿನ ಹೊತ್ತು ಕೆಮ್ಮಿ ಕ್ಯಾಕರಿಸದೆ ಏಳುತ್ತಿರಲಿಲ್ಲವಾಗಿ, ಎದ್ದ ಮೇಲೆ ಯಾರ ಮಾತೂ ಕೇಳುತ್ತಿರಲಿಲ್ಲವಾಗಿ, ನಮ್ಮಜ್ಜಿಯ ಹೆಸರನ್ನೇ ಇಟ್ಟೆ. ಅಜ್ಜಿ ಆಗಿನ್ನೂ ಗಟ್ಟಿಯಾಗಿದ್ದಳು. 'ಅದು ಬಿದ್ರೆ ಊರೋರೆಲ್ಲ ನಂಗೆ ಮಣ್ಣಾಕಾಕೆ ಬತ್ತಾರೆ ಕಣ್ಲಾ' ಎಂದಿದ್ದಳು.

ಆಫೀಸರು ನಕ್ಕ. ನನ್ನ ಗಂಟಲು ಇನ್ನೊಂದು ಸ್ಥಾಯಿ ಏರಿತು. ಸಾಲಿಗ್ರಾಮದ ಮೇಲೆ ಎದ್ದು ಒಂದು ಸುತ್ತು ಹೊರಳಿದರೆ ಕಾವೇರಿ ಎಡಕ್ಕೆ, ಹುಣಸೂರಿನ ಲಕ್ಷ್ಮಣತೀರ್ಥ ಬಲಕ್ಕೆ, ಎರಡೂ ಒಂದೇ ತಾಯಿ ಹೆತ್ತ ಹಾವಿನ ಮರಿಗಳಂತೆ. ಕೈ ಬಿಟ್ಟರೂ ಹಟ್ಟಿಗೆ ಮರಳುವ ಎತ್ತಿನಂತೆ ನೆಟ್ಟಗೆ ಹೋಗುತ್ತಿದ್ದಳು ಎಂದೆ. ಬಾಲ್ಯದಲ್ಲಿ ದೇವತೆಗಳ ವೇಷ ಹಾಕಿಸಿ, ಸೊಂಟಕ್ಕೆ ಹಗ್ಗ ಬಿಗಿದು, ಡೇರೆಯ ತೊಲೆಯಿಂದ ನನ್ನನ್ನು ರಂಗಕ್ಕೆ ಇಳಿಬಿಡುತ್ತಿದ್ದರು. ಹಗ್ಗವಿಲ್ಲದೆ ಮೇಲಿರುವುದೆಂದರೇನು ಎಂದು ನನಗೆ ತೋರಿಸಿದವಳು ಇವಳು. ಅವಳಿಗೆ ಒಂದೇ ಐಬು. ಬಾಲ ನೆಲಕ್ಕೆ ಊರಿದಾಗ ಮೂಗು ಮೇಲಕ್ಕೆತ್ತುತ್ತಾಳೆ. ಹಿಂದಿನ ಸೀಟಿನಲ್ಲಿ ಕೂತು ನಡೆಸುವವನಿಗೆ ನೇರ ಮುಂದೆ ಏನಿದೆಯೆಂದು ಕಾಣುವುದಿಲ್ಲ. ಪಕ್ಕಕ್ಕೆ ಕತ್ತು ಚಾಚಿ, ಅಂಚು ನೋಡಿಕೊಂಡು ಇಳಿಸಬೇಕು. ಆಫೀಸರು ತಲೆದೂಗಿದ. ಎಲ್ಲಾ ಮಾತ್‌ಗಳೂ ಹಾಗೆಯೇ ಎಂದ. ಹಾಗೇ ಮುಂದಕ್ಕೆ ಬಂದು ಮೂತಿಯ ಮರದ ಪಂಖವನ್ನು ಸವರಿ, ಇದು ಮಾತ್ರ ಹೊಸದಾಗಿದೆಯಲ್ಲ, ಹಳೆಯದಕ್ಕೆ ಏನಾಯಿತು ಎಂದು ಕೇಳಿದ.

ಪುಟ್ಟತಾಯಿ, ಈ ಮೂರು ವರ್ಷಗಳಲ್ಲಿ ಆ ಕಥೆಯನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಆಡಿದೆ. ನಿನ್ನ ಗಂಡ ನಿನ್ನ ತಂದೆಯ ವಿಷಯವನ್ನು ಪರಸ್ಥಳದವನ ಎದುರು ಹೇಗೆ ಹೇಳಿದನೆಂಬುದು ನಿನಗೆ ತಿಳಿದಿರಬೇಕು. ಆದಕಾರಣ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಯುದ್ಧದ ವರ್ಷದ ಯುಗಾದಿ ಎಂದೆ. ನಮ್ಮ ಮಾವನವರು, ಬೇಗೂರಿನ ಕಂಠಪ್ಪನವರು, ಹೆಗ್ಗಡದೇವನಕೋಟೆಯ ಸೀಮೆಗೆಲ್ಲ ತಮ್ಮ ಅಳಿಯ ಹಾರುತ್ತಾನೆಂದು ಸಾರಿಬಿಟ್ಟಿದ್ದರು; ಆದರೆ ಕಂಡವರಿಲ್ಲ. ಜನ ಗೇಲಿ ಮಾಡುತ್ತಿದ್ದರು. ಆ ವಿಮಾನದ ಹೆಸರು ಮಾತ್ ಎಂದು ನಾನು ಹೇಳಿದ್ದನ್ನು ಹಿಡಿದುಕೊಂಡು, 'ಬರೀ ಮಾತೇಯಾ ಕಂಠಪ್ಪ, ಆರೋದು ಯಾವಾಗ' ಎಂದು ಅರಳಿಕಟ್ಟೆಯಲ್ಲಿ ಕೇಳುತ್ತಿದ್ದರಂತೆ. ಹಬ್ಬಕ್ಕೆ ಮಗಳನ್ನು ಕರೆದುಕೊಂಡು ಆಕಾಶದ ದಾರಿಯಲ್ಲೇ ಬರಬೇಕೆಂದು ಮಾವನವರು ಹೇಳಿಕಳಿಸಿದರು. ನಾನು ಒಪ್ಪಿದೆ. ಅವರ ಹೊಲ ಆಗ ಕುಯ್ಲು ಮುಗಿದು, ಒಣಗಿ, ಹಲಗೆಯಂತಿತ್ತು. ಮೇಲಿನಿಂದ ಗುರುತು ಸಿಗಲೆಂದು ಹೊಲದ ಒಂದು ತುದಿಯಲ್ಲಿ ಒಂದು ಬಿಳಿ ಬಟ್ಟೆ ಹಾಸಿಡಲು, ಹುಣಸೂರಿನಿಂದ ಕೋಟೆಗೆ ಬಸ್ಸು ಓಡಿಸುವ ಮಕ್ಬೂಲ್‌ನ ಹತ್ತಿರ ಮಾತು ಕಳಿಸಿದೆ. ಹಾರುವವರ ಲೋಕದಲ್ಲಿ ಬಿಳಿ ಬಟ್ಟೆಗೆ ಒಂದೇ ಅರ್ಥ: ಇಲ್ಲಿ ಚಕ್ರ ಊರು, ಇದರ ಮುಂದಕ್ಕೆ ಬಯಲು ಖಾಲಿ ಇದೆ.

ಮಕ್ಬೂಲ್ ಆ ಮಾತನ್ನು ಒಂದಕ್ಷರ ಕೆಡಿಸದೆ ಮುಟ್ಟಿಸಿದ. ಬಿಳೀ ಬಟ್ಟೆ ಹಾಸಬೇಕಂತೆ ಎಂದ, ಅಷ್ಟೇ. ಅದಕ್ಕೆ ಮಾವನವರು ಕೊಟ್ಟ ಉತ್ತರವನ್ನು ಅವನು ಆಮೇಲೆ ನನ್ನ ಕೈ ಹಿಡಿದುಕೊಂಡು ಒಪ್ಪಿಸಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

'ಅದನ್ನೂ ಯೋಳ್‌ಕೊಡಬೇಕೇನ್ಲಾ ಮಕ್ಬೂಲ? ನಮ್ಮ ಅಳೀಂದ್ರು ಆಕಾಸದಿಂದ ಇಳಿಯೋರು. ಬರೀ ನೆಲ ಮೆಟ್ಟುಸ್ತೀನಾ? ನಡೆಮಡಿ ಆಸ್ತೀನಿ ಬುಡು.'

ನಡೆಮಡಿ ಎಂದರೇನೆಂದು ಆಫೀಸರು ಕೇಳಿದ. ನಮ್ಮ ಸೀಮೆಯಲ್ಲಿ ದೇವರು ಬಂದರೆ, ಸ್ವಾಮಿಗಳು ಬಂದರೆ, ಮದುವಣಿಗ ಬಂದರೆ, ಮಡಿವಾಳರು ಒಗೆದ ಬಿಳಿ ಬಟ್ಟೆಯನ್ನು ದಾರಿಯುದ್ದಕ್ಕೂ ಹಾಸುತ್ತಾರೆ. ಬಂದವರ ಪಾದಕ್ಕೆ ಮಣ್ಣು ತಗಲಬಾರದು ಎಂದೆ. ಹಾಸಿಸಿದ ಯಜಮಾನ ಅದರ ಕೊನೆಯಲ್ಲಿ ಕೈಮುಗಿದು ನಿಲ್ಲುತ್ತಾನೆ. ಬಂದವರು ನಡೆದು ಅವನ ಹತ್ತಿರಕ್ಕೆ ಬರಬೇಕು. ಅವನು ದಾರಿಯಿಂದ ಸರಿದು ನಿಂತರೆ, ನೀವು ಬಂದದ್ದು ನನಗೆ ಬೇಡವೆಂದ ಹಾಗೆ. ಹಾರುವವರಾದ ನಮ್ಮ ಬಟ್ಟೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಬಯಲು ಖಾಲಿ. ಅವರ ಬಟ್ಟೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಮನುಷ್ಯ ನಿಂತಿರುತ್ತಾನೆ. ಎರಡೂ ಬಿಳಿ. ಎರಡಕ್ಕೂ ಹಾಸುವುದೆಂದೇ ಹೆಸರು.

ಊರ ಮಡಿವಾಳರ ಮನೆಯ ಪಂಚೆ, ಸೀರೆ, ದುಪ್ಪಟಿ ಎಲ್ಲಾ ತರಿಸಿ ಹೊಲದ ನಡುವೆ ಒಂದು ಬೀದಿಯನ್ನೇ ಹಾಸಿದ್ದರು. ಮೇಲಿನಿಂದ ನೋಡಿದ ನನಗೆ ಎದೆ ಉಬ್ಬಿತು. ಒಂದು ತುಂಡು ಕೇಳಿದರೆ ಇಡೀ ದಾರಿಯನ್ನೇ ಬಿಡಿಸಿ ತೋರಿಸಿದ್ದಾರೆ, ಎಷ್ಟು ಜಾಣರು ನನ್ನ ಮಾವನ ಕಡೆಯವರು ಎಂದುಕೊಂಡೆ. ಜನ ಎರಡು ಬದಿಗೆ ದೂರ ನಿಂತಿದ್ದರು. ಕೆಂಪು, ಹಸಿರು, ಹಳದಿ, ಎಲ್ಲರೂ ಕಂಡರು. ಮಾವನವರು ಅಂದು ಬಿಳಿ ಪಂಚೆಯುಟ್ಟಿದ್ದರು. ಬಿಳಿ ಶಲ್ಯ, ಬಿಳಿ ರುಮಾಲು. ಬಿಳಿಯ ಮೇಲೆ ಬಿಳಿ. ಕಣ್ಣಿಗೆ ಅದೂ ಒಂದು ಮಡಿಕೆ ಬಿದ್ದ ಬಟ್ಟೆ.

ಮಗ್ಗುಲಿಗೆ ಸರಿದು ಅಂಚು ನೋಡಿಕೊಂಡು ಇಳಿಸಿದೆ. ಅಷ್ಟು ಹಗುರವಾಗಿ ಅವಳು ಎಂದೂ ಇಳಿದಿರಲಿಲ್ಲ. ಚಕ್ರ ಊರಿತು, ಬಾಲ ಊರಿತು, ಮೂಗು ಎದ್ದಿತು.

ನಿನ್ನ ತಮ್ಮ ಲಿಂಗಯ್ಯ ಬದಿಯಿಂದ, 'ಅಪ್ಪಯ್ಯಾ, ಈಚೆಗೆ ಬಾ' ಎಂದು ಕೂಗಿದನಂತೆ. ಅವರು ಮುಗಿದ ಕೈ ಬಿಡಿಸದೆ ಹೇಳಿದ್ದು ಇಷ್ಟು: 'ಅಳೀಂದ್ರು ನನ್ ಕಂಡವ್ರೆ. ನಿಲ್ಲುಸ್ತಾರೆ.'

ಅದರ ಮುಂದಿನದನ್ನು ಆಫೀಸರಿಗೆ ಹೇಳಲಿಲ್ಲ. ನಿನಗೆ ಹೇಳಬೇಕಾಗಿಲ್ಲ. ಅವನು ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು ಬಹಳ ಹೊತ್ತು ಆ ಪಂಖದ ಮೇಲೆ ಕೈಯಿಟ್ಟು ನಿಂತಿದ್ದ. ಜನ್ಮದಲ್ಲಿ ಮೊದಲ ಸಲ ನಾನು ಸಂಭಾಷಣೆ ಮುಗಿಸಿದಾಗ ಚಪ್ಪಾಳೆಯೂ ಬೀಳಲಿಲ್ಲ, ಬೀಳಲೆಂದು ನಾನು ಕಾಯಲೂ ಇಲ್ಲ.

ಇಷ್ಟಾದರೂ ಮೂರು ವರ್ಷ ಯಾಕೆ ಇಟ್ಟುಕೊಂಡೆ ಎಂದು ನೀನು ಕೇಳಬಹುದು. ಊರೆಲ್ಲ ಕೇಳಿತು. ಮುರಿದ ಪಂಖ ತೆಗೆಸಿ ಬೇರೆ ಹಾಕಿಸಿದ್ದೇಕೆ, ಅದೇನು ಶವಕ್ಕೆ ಸಿಂಗಾರವೇ ಎಂದು ಮುಖದ ಮೇಲೆ ಕೇಳಿದವರುಂಟು. ಕೊಳ್ಳುವವರಿರಲಿಲ್ಲ ಎಂದು ಹೇಳುತ್ತಿದ್ದೆ. ಅದು ನಿಜವೂ ಹೌದು. ಇನ್ನೊಂದು ನಿಜವನ್ನೂ ಕೇಳು. ಅದು ಕೊಟ್ಟಿಗೆಯಲ್ಲಿರುವ ತನಕ ನೀನು ಬಾರದಿರುವುದಕ್ಕೆ ಅದೊಂದೇ ಕಾರಣ ಎಂದು ನಾನು ನಂಬಬಹುದಾಗಿತ್ತು. ನಮ್ಮಿಬ್ಬರ ನಡುವೆ ಇರುವುದು ಒಂದಿಷ್ಟು ಮರ, ಒಂದಿಷ್ಟು ಬಟ್ಟೆ, ನೂಕಿದರೆ ಆಚೆ ಹೋಗುವ ವಸ್ತು. ನೂಕಲು ಧೈರ್ಯ ಬರಲಿಲ್ಲ. ನೂಕಿದ ಮೇಲೂ ನೀನು ಬಾರದಿದ್ದರೆ? ಆ ಪ್ರಶ್ನೆಯನ್ನು ಸರ್ಕಾರವೇ ಬಂದು ಲಾರಿಗೆ ಹೇರಿಸಿ ನನ್ನ ಮುಂದೆ ನಿಲ್ಲಿಸಿತು.

ಅವಳನ್ನು ಹಗ್ಗದಿಂದ ಬಿಗಿದರು. ಇನ್ನು ಹಾರುವುದಿಲ್ಲವಂತೆ. ದಂಡಿಗೆ ಸೇರಿದ ಹುಡುಗರು ಇಂಜಿನ್ನು ಬಿಚ್ಚಿ ಜೋಡಿಸುವುದನ್ನು ಕಲಿಯಲು ಇಟ್ಟುಕೊಳ್ಳುತ್ತಾರಂತೆ, ರೆಕ್ಕೆ ಬೇಕಾಗಿಲ್ಲವಂತೆ. ಊರಿನವರು ಸೇರಿದ್ದರು. ಪಕ್ಕದ ಮನೆಯ ಬೀರಮ್ಮ ನೀರು ತಂದು ಚಕ್ರಕ್ಕೆ ಹಾಕಿ, 'ಓಗ್ ಬಾ ನಮ್ಮವ್ವ ಅಂತ ಅನ್ನಂಗೂ ಇಲ್ಲ, ಓಗು ಅಂತ ಅನ್ನಂಗೂ ಇಲ್ಲ' ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಲಾರಿ ತಿರುಗುವಾಗ ಯಾರೋ ಹಿಂದಿನಿಂದ, 'ಸ್ವಾಮೇರೂ ಒಂದು ಪದ ಎತ್ತುದ್ರೆ ಆಗಿತ್ತು' ಎಂದರು. ಎತ್ತಲಿಲ್ಲ. ಬಾಯಿ ತೆರೆದರೆ ಏನು ಹೊರಬೀಳುತ್ತದೆಯೋ ಗೊತ್ತಿರಲಿಲ್ಲ.

ಈಗ ಮನೆಯ ಸಮಾಚಾರ. ಕೊಟ್ಟಿಗೆಯನ್ನು ಬೂದಿ ಹಾಕಿ ಉಜ್ಜಿಸಿದ್ದೇನೆ, ಸುಣ್ಣ ಬಳಿಸಿದ್ದೇನೆ. ಎಣ್ಣೆಯ ವಾಸನೆ ಮಾತ್ರ ನೆಲಕ್ಕೆ ಹಿಡಿದುಕೊಂಡಿದೆ. ಇನ್ನೊಂದು ಮಳೆಗೆ ಹೋದೀತು. ನಿನ್ನ ಇಷ್ಟದಂತೆ ಅಲ್ಲಿ ಒಂದು ಹಾಲು ಕರೆಯುವ ಎಮ್ಮೆ ಕಟ್ಟಿಸಿದ್ದೇನೆ. ನನ್ನ ತೊಗಲಿನ ಟೊಪ್ಪಿ, ಕನ್ನಡಕ ಎರಡನ್ನೂ ಹೊಳೆಗೆ ಬಿಟ್ಟೆ. ಕನ್ನಡಕ ಮುಳುಗಿತು, ಟೊಪ್ಪಿ ಮಾತ್ರ ಯಾರದೋ ತಲೆ ಈಜಿಕೊಂಡು ಹೋದ ಹಾಗೆ ಬಹಳ ದೂರ ಕಾಣುತ್ತಿತ್ತು. ಈಚೆಗೆ ದಂಡಿನ ವಿಮಾನಗಳು ಇತ್ತ ಹಾಯುತ್ತವೆ. ಸದ್ದು ಕೇಳಿದರೆ ಇದು ಯಾವ ಜಾತಿಯದೆಂದು ಕಿವಿಗೆ ತಾನಾಗಿ ತಿಳಿಯುತ್ತದೆ, ಅದಕ್ಕೆ ನಾನೇನು ಮಾಡಲಿ? ಕತ್ತು ಮಾತ್ರ ಎತ್ತುವುದಿಲ್ಲ.

ಶ್ರಾವಣದಲ್ಲಿ ಬಾ. ಕೋಟೆಯವರೆಗೆ ಗಾಡಿಯಲ್ಲಿ ಬಂದರೆ ಅಲ್ಲಿಂದ ಮಕ್ಬೂಲ್‌ನ ಬಸ್ಸಿದೆ. ಪೆಟ್ರೋಲು ಸಿಗದೆ ಈಗ ಅದಕ್ಕೆ ಬೆನ್ನ ಹಿಂದೆ ಇದ್ದಿಲ ಒಲೆ ಕಟ್ಟಿದ್ದಾನೆ. ಏರಿನಲ್ಲಿ ಜನ ಇಳಿದು ನೂಕಬೇಕು, ಆದರೆ ಹೆಂಗಸರನ್ನು ಇಳಿಸುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ. ಹುಣಸೂರಿಗೆ ನಾನೇ ಎತ್ತಿನಗಾಡಿ ಹೂಡಿಕೊಂಡು ಬಂದು ನಿಂತಿರುತ್ತೇನೆ. ಮಾತಾಡಿಸಬೇಡವೆಂದರೆ ಮಾತಾಡಿಸುವುದಿಲ್ಲ. ಸಾಲಿಗ್ರಾಮದವರೆಗೂ ಎತ್ತಿನ ಬೆನ್ನು ನೋಡಿಕೊಂಡು ಬರುತ್ತೇನೆ. ನಿನಗೆ ಗೊತ್ತು, ನನ್ನಂಥವನಿಗೆ ಅದು ಎಷ್ಟು ಕಷ್ಟದ ಪಾತ್ರವೆಂದು.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು, ತೆಗೆದುಕೊಳ್ಳುವುದಾದರೆ. ನಿನಗೆ ಆಯುಸ್ಸು, ನೆಮ್ಮದಿ, ನಿದ್ದೆ ಈ ಮೂರನ್ನೂ ಶಿವನು ಕೊಡಲಿ. ಹಿರಿಯರು ನಿದ್ದೆಯನ್ನು ಆಶೀರ್ವಾದದಲ್ಲಿ ಸೇರಿಸಿರಲಿಲ್ಲ, ನಾನು ಸೇರಿಸಿದ್ದೇನೆ.

ಇಂತಿ ನಿನ್ನ
ವೀರಭದ್ರಸ್ವಾಮಿ

ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿ ಬರೆದದ್ದು:

ಇದನ್ನು ಟಪಾಲಿಗೆ ಹಾಕುವ ಮೊದಲೇ ಲಿಂಗಯ್ಯ ಬಂದ. ಭತ್ತದ ಬೀಜಕ್ಕೆಂದು ಕೃಷ್ಣರಾಜನಗರಕ್ಕೆ ಬಂದವನು ಇಲ್ಲಿಗೂ ಕಾಲು ಹಾಕಿದ್ದ. ಅವನ ಕೈಯಲ್ಲೇ ಕಳಿಸುವುದೆಂದು ತೀರ್ಮಾನಿಸಿ ಎಲ್ಲವನ್ನೂ ಓದಿ ಕೇಳಿಸಿದೆ. ಖಾಲಿ ಕೊಟ್ಟಿಗೆಯನ್ನೂ ತೋರಿಸಿದೆ. ಅವನು ಎಮ್ಮೆಯ ಹಣೆ ಸವರುತ್ತಾ ನನ್ನ ಮುಖ ನೋಡದೆ ಹೇಳಿದ:

'ಬಾವ, ಅಕ್ಕ ಆ ಮಿಷನ್ ಮಾತ ಎಂದೋ ಬುಟ್ಬು‌ಟ್ಟವ್ಳೆ. ಅದಿದ್ರೂ ಒಂದೇಯಾ, ಓದ್ರೂ ಒಂದೇಯಾ ಅಂತಾಳೆ.'

ಹಾಗಾದರೆ ಏನು ಎಂದು ಕೇಳಿದೆ. ಎಮ್ಮೆಯ ಹಗ್ಗದ ಗಂಟು ಬಿಗಿ ಮಾಡಿದ. ಆಮೇಲೆ, 'ಒಂದು ಮಾತ ನಿಮ್ಮನ್ನೇ ಕೇಳ್ಕಂಡು ಬಾ ಅಂದವ್ಳೆ. ಅವತ್ತು ಇಳಿಯೋವಾಗ ನಾನು ಎರಡೂ ಕೈ ಎತ್ತಿದ್ನಲ್ಲ, ಅದನ್ನ ಏನಂತ ತಿಳ್ಕಂಡ್ರು ಅಂತ ಕೇಳು ಅಂದ್ಳು' ಎಂದ.

ಪುಟ್ಟತಾಯಿ, ಮುಂದಿನ ಸೀಟಿನಲ್ಲಿ ಕೂತಿದ್ದ ನಿನಗೆ ಮಾವನವರು ಕಂಡಿದ್ದರೆಂಬುದು ಈ ಹೊತ್ತಿನವರೆಗೆ ನನಗೆ ಹೊಳೆದಿರಲಿಲ್ಲ. ಕೂಗಿದೆಯಂತೆ, ಗಂಟಲು ಹರಿಯುವ ಹಾಗೆ. ಇಂಜಿನ್ನಿನ ಅಬ್ಬರದಲ್ಲಿ ನನಗೇನೂ ಕೇಳಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ.

ತವರು ಕಂಡ ಸಂತೋಷಕ್ಕೆ ನಿಮ್ಮವರತ್ತ ಕೈ ಬೀಸುತ್ತಿದ್ದೀಯೆಂದು ತಿಳಿದೆ. ನಾನೂ ಬೀಸಿದೆ.